ರತಿಯ ಸೀರೆಯ ಕುಸುಬಿ ದಡಿ

ಬನಹಟ್ಟಿಯ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮಗ್ಗಗಳಿಗೇ ಹೆಚ್ಚು ಜಾಗವಿತ್ತು. ಹೊಸ್ತಿಲು ದಾಟಿದರೆ ಉದ್ದನೆಯ ಪಡಸಾಲೆ, ಅದರ ನೆಲದಲ್ಲಿ ಸಾಲಾಗಿ ಮೂರು ಕುಣಿಮಗ್ಗ. ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಹೀಗಾಗಿ ಹೊರಗಿನಿಂದ ಬಂದವರಿಗೆ ನಮ್ಮ ಅಪ್ಪ, ಕಾಕಾ ಇಬ್ಬರೂ ಸೊಂಟದಿಂದ ಮೇಲಷ್ಟೇ ಇರುವ ಮನುಷ್ಯರಂತೆ ಕಾಣುತ್ತಿದ್ದರು. ನಾವು ಮಕ್ಕಳು ಮಗ್ಗಗಳ ನಡುವಿನ ಸಂದಿಯಲ್ಲಿ ಉಣ್ಣುತ್ತಿದ್ದೆವು, ಅಲ್ಲೇ ಓದುತ್ತಿದ್ದೆವು, ಅಲ್ಲೇ ಮಲಗುತ್ತಿದ್ದೆವು. ಗಾಳಿಯಲ್ಲಿ ಹತ್ತಿಯ ಎಳೆ ಹಾರಾಡಿ ರೊಟ್ಟಿಯ ಮೇಲೆ, ಪುಂಡಿಪಲ್ಲೆಯ ಮೇಲೆ ಕೂರುತ್ತಿತ್ತು. ನೇಕಾರರ ಹೊಟ್ಟೆಯಲ್ಲಿ ಅರ್ಧ ಹಿಟ್ಟು ಅರ್ಧ ನೂಲು ಎಂದು ಅವ್ವ ಹೇಳುತ್ತಿದ್ದಳು. ಪಡಸಾಲೆಯ ಹಿಂದೆ ಅಡಿಗೆಮನೆ, ಅದರ ಮಗ್ಗುಲಿಗೆ ಒಂದು ಸಣ್ಣ ಕೋಣೆ, ಅದರಾಚೆ ಹಿತ್ತಲು. ಕೋಣೆಯಲ್ಲಿ ನಾಲ್ಕನೆಯ ಮಗ್ಗವಿತ್ತು. ಅದು ಅಜ್ಜನದು. ಅಜ್ಜ ತೀರಿಕೊಂಡ ಮೇಲೆ ಅದರ ಮೇಲೆ ಹಾಸಿಗೆ ಒಟ್ಟುತ್ತಿದ್ದರು. ಅದನ್ನು ಮತ್ತೆ ಮಗ್ಗ ಮಾಡಿದವಳು ನಮ್ಮ ಅತ್ತಿ, ಅಂದರೆ ಅಪ್ಪನ ತಂಗಿ ಸಾವಂತ್ರೆವ್ವ.

ಆಕೆಯನ್ನು ಮುಧೋಳಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಅತ್ತಿ ಸೀರೆಗಂಟು ಕಟ್ಟಿಕೊಂಡು ತವರಿಗೆ ಬಂದಳು. ಯಾರೂ ಬಾ ಎನ್ನಲಿಲ್ಲ, ಯಾರೂ ಹೋಗು ಎನ್ನಲಿಲ್ಲ. ಒಂದೇ ಒಲೆ, ಇಬ್ಬರು ಹೆಂಗಸರು. ಅವ್ವ ಕೆಟ್ಟವಳಲ್ಲ, ಆದರೆ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಸಪ್ಪಳ ಮಾಡಿ ಮುಚ್ಚುತ್ತಿದ್ದಳು. ಅತ್ತಿಗೆ ಅದರ ಅರ್ಥ ಗೊತ್ತಾಗುತ್ತಿತ್ತು. ಮರುದಿನ ಆಕೆ ಇನ್ನೂ ಬೇಗ ಎದ್ದು ಇನ್ನೂ ಹೆಚ್ಚು ಕೆಲಸ ಮಾಡುತ್ತಿದ್ದಳು. ಅಪ್ಪ ಇಬ್ಬರ ನಡುವೆ ಬಾಯಿ ತೆರೆಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಜಗಳಗಳು ಮಾತಿನಲ್ಲಿ ಆಗಿದ್ದು ಕಡಿಮೆ. ಲಾಳಿಯ ಸಪ್ಪಳ ಜೋರಾಯಿತೆಂದರೆ ಅಪ್ಪನಿಗೆ ಸಿಟ್ಟು ಬಂದಿದೆ ಎಂದು ತಿಳಿಯಬೇಕಿತ್ತು. ನಾನು ಆ ಮನೆಯಲ್ಲಿ ಮೊದಲು ಕಲಿತದ್ದು ನೇಯುವುದನ್ನಲ್ಲ, ಸುಮ್ಮನಿರುವುದನ್ನು.

ನಾನು ಅತ್ತಿಯ ಕೋಣೆಯಲ್ಲಿ ಆಕೆಯ ಮಗ್ಗುಲಿಗೆ ಮಲಗುತ್ತಿದ್ದೆ. ಆಕೆ ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲೆ ಹೂಬಳ್ಳಿ ಗೀಚುತ್ತ ಕತೆ ಹೇಳುತ್ತಿದ್ದಳು. ಈ ಅಧ್ಯಾಯದಲ್ಲಿ ಹೇಳಬೇಕಾದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಮನೆಯಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಆಕೆ. ಆಕೆ ಆ ಮನೆಯನ್ನು ಕಳೆದುಕೊಳ್ಳುವಂತೆ ಮಾಡಿದವನು ನಾನು.

ಶಿವರಾತ್ರಿ ದಾಟಿ ಬಿಸಿಲು ಬಲಿಯುತ್ತಿದ್ದಂತೆ ನಮ್ಮ ಓಣಿಯಲ್ಲಿ ಹಲಗಿಯ ಸದ್ದು ಏಳುತ್ತಿತ್ತು. ಹೋಳಿ ಹುಣ್ಣಿಮೆಗೆ ಕಾಮಣ್ಣ ಮತ್ತು ರತಿಯ ಬೊಂಬೆ ಕೂರಿಸುವುದು ನಮ್ಮ ಕಡೆಯ ಎಲ್ಲ ಊರಲ್ಲೂ ಇದೆ. ನಮ್ಮ ಓಣಿಯ ವಿಶೇಷವೆಂದರೆ, ಯಾವ ಮನೆಯವರೂ ಒಬ್ಬರೇ ಅದನ್ನು ಮಾಡುವಂತಿರಲಿಲ್ಲ. ಗಲಗಲಿಯ ಹೊಳೆದಂಡೆಯಿಂದ ಆಪು ಹುಲ್ಲು ಕೊಯ್ದು ಗಾಡಿಯಲ್ಲಿ ತಂದು ಮೈ ಕಟ್ಟುವುದು ಬಡಿಗೇರ ಕಾಳಪ್ಪನ ಮನೆಯವರು. ಮಣ್ಣಿನ ಮುಖಕ್ಕೆ ಬಣ್ಣ ಬರೆಯುವುದು, ಬಟ್ಟೆಯ ನೂಲಿಗೆ ಬಣ್ಣ ಹಾಕುವುದು ರಾಜೇಸಾಬನ ಮನೆಯವರು. ನೇಯ್ದು ಉಡಿಸುವುದು ನಮ್ಮ ಮನೆಯವರು. ಹಲಗಿ ಬಾರಿಸುವವರು ಓಣಿಯ ಆಚೆ ತುದಿಯವರು. ಅವರು ಬಾರಿಸದೆ ಕಾಮಣ್ಣ ಏಳುತ್ತಿರಲಿಲ್ಲ, ಆದರೂ ಅವರಿಗೆ ಕಾಮಣ್ಣನನ್ನು ಕೂರಿಸುವ ಕಟ್ಟೆಯಿಂದ ದೂರವೇ ಜಾಗ ಕೊಡುತ್ತಿದ್ದೆವು. ಅದೂ ನಮ್ಮ ತಪ್ಪೇ, ಆಗ ತಪ್ಪೆಂದು ತೋರಿರಲಿಲ್ಲ. ರಾಜೇಸಾಬ ನಮಾಜು ಮುಗಿಸಿ ಬಂದು ರತಿಯ ಹುಬ್ಬು ತೀಡುತ್ತಿದ್ದ. ಅವನ ಹೊರತು ಇನ್ನಾರಾದರೂ ಹುಬ್ಬು ಬರೆದರೆ ರತಿಗೆ ಸಿಟ್ಟಿನ ಮುಖ ಬರುತ್ತದೆಂದು ಹೆಂಗಸರು ನಗುತ್ತಿದ್ದರು. ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಕಾಮದಹನದ ನಸುಕಿನಲ್ಲಿ ಕಾಮಣ್ಣನೊಡನೆ ರತಿಯ ಸೀರೆಯನ್ನೂ ಬಿಚ್ಚಿ ಬೆಂಕಿಗೆ ಹಾಕುತ್ತಿದ್ದೆವು. ಉಡಿಸಿದ್ದು ಉಳಿಯಬಾರದು, ಮುಂದಿನ ವರ್ಷ ಹೊಸದು ಆಗಬೇಕು ಎಂಬುದು ರೂಢಿ.

ಇನ್ನೊಂದು ರೂಢಿಯನ್ನೂ ಹೇಳಬೇಕು. ಹೋಳಿಯ ಆ ದಿನಗಳಲ್ಲಿ ಹುಡುಗರು ಯಾರ ಹಿತ್ತಲಿಗಾದರೂ ನುಗ್ಗಿ ಕಟ್ಟಿಗೆ, ಕುಳ್ಳು, ಮುರಿದ ಬಾಗಿಲು, ನೊಗದ ತುಂಡು, ಕೈಗೆ ಸಿಕ್ಕಿದ್ದನ್ನು ಕದ್ದು ತಂದು ಕಾಮಣ್ಣನ ರಾಶಿಗೆ ಹಾಕಬಹುದಿತ್ತು. ಒಮ್ಮೆ ರಾಶಿಗೆ ಬಿದ್ದ ಕಟ್ಟಿಗೆಯನ್ನು ಯಾರೂ ಮರಳಿ ಕೇಳುವಂತಿಲ್ಲ. ಯಾರು ತಂದರೆಂದೂ ಕೇಳುವಂತಿಲ್ಲ. ಕೇಳಿದವರ ಮನೆಗೆ ಆ ವರ್ಷ ಒಳ್ಳೆಯದಾಗುವುದಿಲ್ಲ, ಓಣಿಗೂ ಆಗುವುದಿಲ್ಲ ಎಂದು ನಂಬಿಕೆ. ಇದರಿಂದ ಒಂದು ಉಪಕಾರವೂ ಇತ್ತು. ವರ್ಷವಿಡೀ ಇದ್ದ ಸಣ್ಣ ಸಿಟ್ಟುಗಳೆಲ್ಲ ಆ ಬೆಂಕಿಯಲ್ಲಿ ಹೋಗುತ್ತಿದ್ದವು. ಕಾಳಪ್ಪನ ಏಣಿಯೇ ಒಂದು ವರ್ಷ ಹೋಯಿತು. ಅವನು ಹಲ್ಲು ಕಡಿದು, ನಕ್ಕು, ಹೊಸದು ಮಾಡಿಕೊಂಡ.

ಆ ವರ್ಷ ರತಿಯ ಸೀರೆಯನ್ನು ಅತ್ತಿ ನೇಯುವುದೆಂದಾಯಿತು. ಕಾಕಾನಿಗೆ ಜ್ವರ ಬಂದು ಎದ್ದಿರಲಿಲ್ಲ, ಅಪ್ಪನ ಮಗ್ಗದಲ್ಲಿ, ನಮಗೆ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದ ರಬಕವಿಯ ಸಾವಕಾರನ ಹಾಸುನೂಲು ಏರಿತ್ತು. ಅತ್ತಿ ಸೀರೆಯಂಚಿಗೆ ಹಳೆಯ ದಡಿಯನ್ನೇ ನೇಯಲು ಒಪ್ಪಲಿಲ್ಲ. ನಮ್ಮ ಕಡೆ ಆ ಹೊತ್ತಿಗೆ ಹೊಲದ ಅಂಚಿನಲ್ಲಿ ಕುಸುಬಿ ಹೂ ಬಿಟ್ಟಿರುತ್ತದೆ. ಮುಟ್ಟಿದರೆ ಮುಳ್ಳು, ದೂರದಿಂದ ಬಂಗಾರ. ಬಿಡುವಾಗ ಹಳದಿ, ಬಾಡುತ್ತ ಬಾಡುತ್ತ ಕೆಂಪು. ಆ ಹೂವನ್ನೇ, ಆ ಎರಡೂ ಬಣ್ಣದಲ್ಲಿ, ಮುಳ್ಳಿನ ಸಮೇತ ದಡಿಗೆ ತರುತ್ತೇನೆ ಎಂದಳು. ಅಪ್ಪ ಮೊದಲು ನಕ್ಕ. ಆಮೇಲೆ ಮಗ್ಗದಿಂದ ಮೇಲೆ ಬಂದು ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ಇನ್ನೂ ಕೇಳಿಸುತ್ತದೆ.

“ಹೋಳಿಗಿ ಸಾವಕಾರ ಕಾಮಣ್ಣನ ನೋಡಾಕ ಬರ್ತಾನ. ಈ ದಡಿ ಅವನ ಮನಸ್ಸಿಗಿ ಬಂತಂದ್ರ ಈ ಮಗ್ಗ ನಿಂದು, ಯಾರೂ ಎಬ್ಬಿಸೂದಿಲ್ಲ. ಬರಲಿಲ್ಲಂದ್ರ ಯುಗಾದಿ ಆದಮ್ಯಾಲೆ ನಾ ಮುಧೋಳಕ್ಕ ಹೋಗಿ ನಿನ್ನ ಗಂಡನ ಕೂಡ ಮಾತಾಡ್ತೀನಿ. ಹಿಂಗ ಎಷ್ಟ ದಿನಾ ಇರ್ತಿ, ತಂಗಿ?”

ಅತ್ತಿ ತಲೆ ಎತ್ತದೆ ಹೇಳಿದಳು.

“ಆತಣ್ಣಾ.”

ಕೋಣೆ ಅಂದಿನಿಂದ ಬೇರೆಯೇ ಆಯಿತು. ಅತ್ತಿ ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ ಹಿಟ್ಟಿನಿಂದ ಹೂ ಬಿಡಿಸಿ, ಎಳೆ ಎಣಿಸಿ, ಒರೆಸಿ, ಮತ್ತೆ ಬಿಡಿಸುತ್ತಿದ್ದಳು. ಮಗ್ಗದ ಮೇಲೆ ದಡಿಯ ಎಳೆ ಎತ್ತಲು ಡಾಬಿ ಎಂಬ ಯಂತ್ರವಿರುತ್ತದೆ. ಅದಕ್ಕೆ ಗೇಣುದ್ದದ ಕಟ್ಟಿಗೆಯ ಪಟ್ಟಿಗಳ ಮಾಲೆ ಹಾಕಬೇಕು. ಪ್ರತಿ ಪಟ್ಟಿಯಲ್ಲಿ ಸಾಲು ತೂತು, ಬೇಕಾದ ತೂತಿಗೆ ಸಣ್ಣ ಬಿದಿರು ಗೂಟ. ಗೂಟ ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಅಷ್ಟೇ. ಆದರೆ ಹೂವೆಲ್ಲ ಇರುವುದು ಆ ಪಟ್ಟಿಗಳಲ್ಲೇ. ಸೀರೆ ಸುಟ್ಟರೂ ಪಟ್ಟಿಯಿದ್ದರೆ ಅದೇ ದಡಿಯನ್ನು ಮತ್ತೆ ನೇಯಬಹುದು. ಕಾಳಪ್ಪ ಸಂಜೆಗೆ ಬಂದು ಪಟ್ಟಿಗಳನ್ನು ಕಡಿದು, ತೂತು ಕೊರೆದು, ತಂತಿಯಿಂದ ಒಂದಕ್ಕೊಂದು ಪೋಣಿಸಿ ಕೊಟ್ಟ. ರಾಜೇಸಾಬ ಹಂಡೆಯ ಮುಂದೆ ಕೂತು ಹಳದಿಯಿಂದ ಕೆಂಪಿಗೆ ಹೋಗುವ ಬಣ್ಣಗಳನ್ನು ಒಂದೊಂದಾಗಿ ಕುದಿಸಿ, ನೂಲಿನ ಲಡಿ ಅದ್ದಿ, ಹಿತ್ತಲಲ್ಲಿ ಒಣಹಾಕಿ, ಅತ್ತಿಯನ್ನು ಕರೆಯುತ್ತಿದ್ದ. ಬಾಡಿದ ಹೂವನ್ನು ನೂಲಿನ ಪಕ್ಕ ಹಿಡಿದು ಇಬ್ಬರೂ ಬಿಸಿಲಲ್ಲಿ ನಿಂತು ನೋಡುತ್ತಿದ್ದರು. ಆಕೆ ಅಲ್ಲವೆಂದು ತಲೆಯಾಡಿಸಿದರೆ ಆ ಮುದುಕ ಬೇಸರವಿಲ್ಲದೆ ಮತ್ತೆ ಹಂಡೆಗೆ ಬೆಂಕಿ ಹಾಕುತ್ತಿದ್ದ. ಹೀಗೆ ಮೂರು ಮನೆಯ ಕೈ ಒಂದು ಬೆರಳಗಲದ ದಡಿಯಲ್ಲಿ ಕೂಡಿತ್ತು. ಅತ್ತಿ ನಗುವುದನ್ನು ನಾನು ಅದೇ ದಿನಗಳಲ್ಲಿ ನೋಡಿದ್ದು. ಅವ್ವ ಕೂಡ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚತೊಡಗಿದ್ದಳು.

ಗೂಟ ಚುಚ್ಚುವ ಕೆಲಸ ನನ್ನದಾಗಿತ್ತು. ಅತ್ತಿ ಹೇಳಿದ ತೂತಿಗೆ ಗೂಟ ಇಡಬೇಕು. ಆಟಕ್ಕೆ ಹೋಗುವ ಅವಸರದಲ್ಲಿ ನಾನು ಒಂದು ಪಟ್ಟಿಯಲ್ಲಿ ತಪ್ಪಿದೆ. ಅದು ತಿಳಿದದ್ದು ಗೇಣುದ್ದ ನೇಯ್ದ ಮೇಲೆ. ಪ್ರತಿ ಹೂವಿನಲ್ಲೂ ಒಂದು ದಳ ಮುರಿದು ಬಿದ್ದಂತೆ ಕಾಣುತ್ತಿತ್ತು. ಅತ್ತಿ ಬೈಯಲಿಲ್ಲ. ನೇಯ್ದದ್ದನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಿದಳು. ಆಗ ರಾಜೇಸಾಬನ ಮಗ ಮೆಹಬೂಬ ನೂಲು ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ. ಅವನು ನನ್ನ ಓರಿಗೆಯವನು, ಸಾಲೆಯಲ್ಲಿ ನನ್ನ ಪಕ್ಕವೇ ಕೂರುತ್ತಿದ್ದ. ಅತ್ತಿ ನಗುತ್ತಲೇ ಹೇಳಿದಳು.

“ನಿನ್ನ ಕೈ ಬ್ಯಾಡೋ ಮಲ್ಯಾ, ಅದರಾಗ ಅವಸರ ತುಂಬೇತಿ. ಮೆಹಬೂಬ, ನೀ ಬಾ. ನಿಮ್ಮಪ್ಪನ ಕಣ್ಣ ನಿನಗ ಬಂದಾವ.”

ಅವನು ಬಂದು ನಾನು ಕೂತ ಜಾಗದಲ್ಲಿ ಕೂತ. ಅವನು ಇಟ್ಟ ಗೂಟ ಒಂದೂ ತಪ್ಪಲಿಲ್ಲ. ಅಂದಿನಿಂದ ಅತ್ತಿ ನನ್ನ ಪಕ್ಕ ಮಲಗಿದರೂ ಮಾತೆಲ್ಲ ದಡಿಯದೇ, ಮೆಹಬೂಬನ ಕೈಯದೇ. ಆ ವಯಸ್ಸಿನಲ್ಲಿ ಹೊಟ್ಟೆಕಿಚ್ಚಿಗೆ ಹೆಸರು ಗೊತ್ತಿರುವುದಿಲ್ಲ. ಹಸಿವಾದಂತೆ ಆಗುತ್ತದೆ, ಉಂಡರೂ ಹೋಗುವುದಿಲ್ಲ.

ಹುಣ್ಣಿಮೆಗೆ ಮುಂಚೆ ರತಿಗೆ ಸೀರೆ ಉಡಿಸಿದರು. ಓಣಿಯ ಹೆಂಗಸರು ಸಾಲುಗಟ್ಟಿ ಬಂದು ದಡಿಯನ್ನು ಬೆರಳಿನಿಂದ ಸವರಿ ನೋಡಿದರು. ಮುಳ್ಳು ಚುಚ್ಚೀತೆಂದು ಒಬ್ಬಾಕೆ ಕೈ ಹಿಂದೆ ತೆಗೆದದ್ದು ನೆನಪಿದೆ. ಸಾವಕಾರ ಬಂದ, ಬಹಳ ಹೊತ್ತು ನಿಂತು ನೋಡಿದ. ಹೋಳಿ ಮುಗಿಯಲಿ, ಬಣ್ಣದ ಮರುದಿನ ಬರುತ್ತೇನೆ, ಪಟ್ಟಿ ಇಟ್ಟುಕೊಂಡಿರಿ, ಈ ದಡಿಯ ಸೀರೆ ಎಷ್ಟಾದರೂ ನನಗೇ ಬೇಕು ಎಂದು ಅಪ್ಪನಿಗೆ ಹೇಳಿ ಹೋದ. ಅಪ್ಪ ಕೋಣೆಗೆ ಬಂದು ಮಗ್ಗದ ಕಂಬವನ್ನು ಮುಟ್ಟಿ ಹೋದ. ಅತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು.

ಪಟ್ಟಿಗಳು ಬಿರುಕು ಬಿಡದಿರಲೆಂದು ಎಣ್ಣೆ ಕುಡಿಸಿ ಬಿಸಿಲಿಗಿಡಲು ಕಾಳಪ್ಪ ಹೇಳಿದ್ದ. ಅತ್ತಿ ಅವನ್ನು ಸುರುಳಿ ಸುತ್ತಿ, ಹಗ್ಗ ಕಟ್ಟಿ, ಕುಸುಬಿ ಎಣ್ಣೆ ಸವರಿ ಹಿತ್ತಲ ಗೋಡೆಗೆ ಒರಗಿಸಿದ್ದಳು. ನೋಡಿದರೆ ಒಲೆಗೆ ತಂದ ಸಣ್ಣ ಕಟ್ಟಿಗೆಯ ಕಟ್ಟು. ಹುಣ್ಣಿಮೆಯ ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾದ ಹೊತ್ತು, ಮಗ್ಗಗಳು ನಿಂತಿದ್ದವು. ಹುಡುಗರು ಓಣಿಯಲ್ಲಿ ಕಟ್ಟಿಗೆ ಕದಿಯುತ್ತಿದ್ದರು. ನಾನು ಹಿತ್ತಲ ಬಾಗಿಲು ತೆರೆದು ಆ ಕಟ್ಟನ್ನು ಎತ್ತಿಕೊಂಡೆ. ತಿಳಿಯದೆ ಎತ್ತಲಿಲ್ಲ. ಅದು ಏನೆಂದು ನನಗೆ ಗೊತ್ತಿತ್ತು, ಯಾವ ಪಟ್ಟಿಯಲ್ಲಿ ಯಾವ ಗೂಟವೆಂದು ಅತ್ತಿ ಮತ್ತು ಮೆಹಬೂಬನನ್ನು ಬಿಟ್ಟರೆ ನನಗೇ ಗೊತ್ತಿತ್ತು. ಒಮ್ಮೆ ರಾಶಿಗೆ ಬಿದ್ದರೆ ಯಾರೂ ಕೇಳುವಂತಿಲ್ಲ ಎಂಬುದೂ ಗೊತ್ತಿತ್ತು. ಕಾಮಣ್ಣನ ಕಟ್ಟೆಯ ಬಳಿ ಆಗ ಯಾರೂ ಇರಲಿಲ್ಲ. ರಾಶಿಯ ಒಳಗೆ, ಕುಳ್ಳುಗಳ ಹಿಂದೆ, ಕೈ ಹೋಗುವಷ್ಟು ಆಳಕ್ಕೆ ತುರುಕಿದೆ. ಮನೆಗೆ ಬಂದು ಅತ್ತಿಯ ಪಕ್ಕದಲ್ಲೇ ಮಲಗಿದೆ. ಆಕೆ ನಿದ್ದೆಗಣ್ಣಲ್ಲಿ ನನ್ನ ಮೇಲೆ ಕೈ ಹಾಕಿದಳು.

ನಸುಕಿನಲ್ಲಿ ಕಾಮಣ್ಣನನ್ನು ಸುಟ್ಟರು. ಎಲ್ಲರೂ ಬಾಯಿಬಾಯಿ ಬಡಿದುಕೊಂಡು ಕೂಗಿದರು. ಎಣ್ಣೆ ಕುಡಿದ ಪಟ್ಟಿಗಳು ಯಾವಾಗ ಹೊತ್ತಿದವೋ ತಿಳಿಯಲಿಲ್ಲ. ರೂಢಿಯಂತೆ ಅತ್ತಿ ಆ ಬೆಂಕಿಯ ಕೆಂಡವನ್ನು ಕುಳ್ಳಿನ ಮೇಲೆ ಹಿಡಿದು ಮನೆಗೆ ತಂದು ಒಲೆ ಹೊತ್ತಿಸಿದಳು. ಅದೇ ಒಲೆಯ ಮೇಲೆ ಹೋಳಿಗೆ, ಕಟ್ಟಿನ ಸಾರು ಆಯಿತು. ಆಕೆಯೇ ನನಗೆ ತುಪ್ಪ ಬಡಿಸಿದಳು. ನಾನು ಉಂಡೆ. ಊಟವಾದ ಮೇಲೆ ಆಕೆ ಪಟ್ಟಿಗೆ ಎಣ್ಣೆ ಹಚ್ಚಲೆಂದು ಹಿತ್ತಲಿಗೆ ಹೋದಳು.

ಮೊದಲು ಮನೆಯೊಳಗೆ ಹುಡುಕಿದಳು. ಆಮೇಲೆ ಕಾಮಣ್ಣನ ಕಟ್ಟೆಗೆ ಓಡಿ ಬಿಸಿ ಬೂದಿಯನ್ನು ಕೋಲಿನಿಂದ ಕೆದಕಿದಳು. ಕಾಳಪ್ಪ ಪೋಣಿಸಿದ್ದ ತಂತಿ ಸಿಕ್ಕಿತು, ಕಪ್ಪಾಗಿ, ಸುರುಳಿಯಾಗಿ. ಬಣ್ಣ ಆಡುತ್ತಿದ್ದ ಓಣಿ ಆಕೆಯನ್ನು ನೋಡಿ ನಿಂತಿತು. ಅತ್ತಿ ಆ ತಂತಿ ಹಿಡಿದು ನೇರ ರಾಜೇಸಾಬನ ಬಾಗಿಲಿಗೆ ಹೋದಳು. ನಾನು ಆಕೆಯ ಸೆರಗು ಹಿಡಿದು ಹಿಂದೆಯೇ ಹೋದೆ. ಅಳುತ್ತಿದ್ದೆ.

“ಕಾಕಾ, ಪಟ್ಟಿ ಯಾರ ಒಯ್ದಾರ? ಅವು ಏನಂತ ಗೊತ್ತಿದ್ದದ್ದು ಮೂರ ಮನಿಗಿ. ನಿಮ್ಮ ಮೆಹಬೂಬನ್ನ ಒಂದ ಮಾತ ಕೇಳ್ರಿ.”

ರಾಜೇಸಾಬ ಹಂಡೆ ತೊಳೆಯುತ್ತಿದ್ದವನು ಎದ್ದು ನಿಂತ. ಸಿಟ್ಟು ಮಾಡಲಿಲ್ಲ. ಮುಖ ಸಣ್ಣದಾಯಿತು.

“ಕಾಮಣ್ಣನ ಕಟ್ಟಿಗಿ ಕೇಳಬಾರದು ಸಾವಂತ್ರಿ. ಕೇಳಿದ್ರೂ ಕೇಳು. ನನ್ನ ಬಾಗಲಾಗ ನಿಂತ ಕೇಳಿದೆಲ್ಲಾ, ಅದನ್ನ ನಾ ಎಲ್ಲಿ ಇಟಗೊಳ್ಳಲಿ?”

ಆಕೆ ಕಾಳಪ್ಪನ ಬಾಗಿಲಿಗೂ ಹೋದಳು. ಅವನು ಒರಟು ಮನುಷ್ಯ. ಕಡಿದು ಕೊಟ್ಟ ಕೈಯಿಂದಲೇ ಸುಡುವ ಜಾತಿ ನಮ್ಮದಲ್ಲ ಎಂದು ಬಾಗಿಲು ಹಾಕಿಕೊಂಡ. ಕಟ್ಟಿಗೆ ಕದ್ದ ಹುಡುಗರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿದಳು. ಓಣಿಯ ತುಂಬ ಕೇಳಿದಳು. ನನ್ನನ್ನು ಕೇಳಲಿಲ್ಲ. ನಾನು ಆಕೆಯ ಸೆರಗಿನ ತುದಿಯಲ್ಲೇ ಇದ್ದೆ. ಒಮ್ಮೆ ಬಗ್ಗಿ ನನ್ನ ಕಣ್ಣು ಒರೆಸಿ, ನೀ ಯಾಕ ಅಳ್ತಿ ಕೂಸ ಎಂದಳು. ಆಕೆ ಆಗ ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ಸಂಜೆಗೆ ಹಿರಿಯರು ಕಟ್ಟೆಯ ಮೇಲೆ ಕೂತರು. ಸುಟ್ಟದ್ದು ಯಾರೆಂಬ ಮಾತೇ ಅಲ್ಲಿ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಕೇಳಿದ್ದು ತಪ್ಪು, ಅದರಲ್ಲೂ ಕಾಮಣ್ಣನ ಕೆಲಸಕ್ಕೆ ಕೈಜೋಡಿಸಿದ ಮನೆಗಳನ್ನು ಬಾಗಿಲಲ್ಲಿ ನಿಂತು ಕೇಳಿದ್ದು ದೊಡ್ಡ ತಪ್ಪು ಎಂದಾಯಿತು. ಅತ್ತಿ ಬೂದಿಯ ಮುಂದೆ ಕಾಯಿ ಒಡೆದು, ಕೇಳಿದ್ದು ತಪ್ಪಾತು ಎಂದು ಎಲ್ಲರೆದುರು ಹೇಳಬೇಕಾಯಿತು. ಮನೆಯಿಂದ ಕಾಯಿ ಹೊತ್ತು ತಂದವನು ನಾನು. ಮರುದಿನ ಸಾವಕಾರ ಬಂದ, ಪಟ್ಟಿಯಿಲ್ಲವೆಂದು ಕೇಳಿ ಹೋದ. ಅತ್ತಿಗೆ ಹೂ ಬಾಯಿಪಾಠವಿತ್ತು. ಮತ್ತೆ ಪಟ್ಟಿ ಕಡಿಯಬೇಕಾದ ಕಾಳಪ್ಪ ಬರಲಿಲ್ಲ, ಬಣ್ಣ ಹಾಕಬೇಕಾದ ರಾಜೇಸಾಬ ಹಂಡೆ ಬೋರಲು ಹಾಕಿದ್ದ. ಆ ದಡಿ ಒಂದೇ ಕೈಯಿಂದ ಆಗುವಂಥದ್ದಾಗಿರಲಿಲ್ಲ.

ಆ ವಾರ ಅವ್ವ ಬಟ್ಟೆ ಒಗೆಯಲು ಕೂತಾಗ ನನ್ನ ಅಂಗಿಯನ್ನು ಕೈಗೆತ್ತಿಕೊಂಡು ತಡೆದಳು. ಎದೆಯ ಹತ್ತಿರ ಎಣ್ಣೆಯ ಕಲೆಯಿತ್ತು. ಮೂಸಿ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಅಂಗಿಯನ್ನು ಬೂದಿನೀರಿಗೆ ಅದ್ದಿ, ಕಲೆ ಹೋಗುವವರೆಗೆ ಕಲ್ಲಿಗೆ ಬಡಿದಳು. ನಾವಿಬ್ಬರೂ ಆ ಮಾತನ್ನು ಆಕೆ ಸಾಯುವವರೆಗೆ ಎತ್ತಲಿಲ್ಲ. ಅವ್ವನನ್ನು ಇಲ್ಲಿ ದೂರುತ್ತಿಲ್ಲ. ಒಂದು ಒಲೆಯ ಕಷ್ಟ ಆಕೆಗೇ ಗೊತ್ತು. ಯುಗಾದಿಗೆ ಬೇವು ಬೆಲ್ಲ ತಿಂದು, ಅಪ್ಪ ಮುಧೋಳಕ್ಕೆ ಹೋಗಿ ಮಾತಾಡಿ ಬಂದ. ಅತ್ತಿ ಹೋಗುವ ದಿನ ಅವ್ವ ಆಕೆಗೆ ತನ್ನ ಹೊಸ ಸೀರೆ ಉಡಿಸಿ, ರೊಟ್ಟಿಗಂಟಿನ ಜೊತೆ ಹೆಸರುಂಡೆ ಕಟ್ಟಿಕೊಟ್ಟು, ಬಾಗಿಲ ಹಿಂದೆ ನಿಂತು ಬಹಳ ಅತ್ತಳು. ನಾಲ್ಕನೆಯ ಮಗ್ಗದ ಮೇಲೆ ಮತ್ತೆ ಹಾಸಿಗೆ ಒಟ್ಟಿದರು.

ಮುಂದಿನ ಹೋಳಿಗೆ ರತಿಗೆ ಪೇಟೆಯಿಂದ ತಂದ ಸೀರೆ ಉಡಿಸಿದರು. ಹುಬ್ಬನ್ನು ಯಾರೋ ಬರೆದರು. ಜಗಳವಾಗಿದ್ದರೆ ಮೂರು ಮನೆಯವರು ಬೈದಾಡಿ, ಹೊಡೆದಾಡಿ, ಎಂದೋ ಒಂದಾಗುತ್ತಿದ್ದರು. ಕೇಳಬಾರದು ಎಂಬ ರೂಢಿಯಿಂದಾಗಿ ಸಂಶಯ ಹಾಗೆಯೇ ಉಳಿಯಿತು. ಓಣಿಯಲ್ಲಿ ಒಂದು ಗಾದೆಯೂ ಹುಟ್ಟಿತು. ಆಗಿಹೋದದ್ದನ್ನು ಕೆದಕುವವರಿಗೆ, ಹಟ ಹಿಡಿದು ಪ್ರಶ್ನೆ ಕೇಳುವವರಿಗೆ, ಕಟ್ಟಿಗಿ ಕೇಳಿದ ಸಾವಂತ್ರೆವ್ವನಂಗ ಮಾಡಬ್ಯಾಡ ಎನ್ನುವುದು. ಮದುವೆಮನೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಸಂಘದ ಸಭೆಯಲ್ಲಿ ಆ ಮಾತು ಕೇಳಿ ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಮ್ಮೆ ನನ್ನ ಹೆಂಡತಿ ಏನನ್ನೋ ಬಿಡದೆ ಕೇಳಿದಾಗ ಅದೇ ಮಾತನ್ನು ಆಕೆಯ ಬಾಯಿ ಮುಚ್ಚಿಸಲು ಆಡಿದ್ದೇನೆ. ಸಾವಂತ್ರೆವ್ವ ಯಾರೆಂದು ಆಕೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಮನಸ್ಸು ಗಟ್ಟಿ ಮಾಡಿ ಮುಧೋಳಕ್ಕೆ ಹೋದೆ. ಅತ್ತಿಯ ಗಂಡ ಸತ್ತಿದ್ದ. ಸವತಿಯ ಮಕ್ಕಳು ಆಕೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಎದುರು ಕೂತು ಎಲ್ಲವನ್ನೂ ಹೇಳಿದೆ, ಗೂಟದ ಸಿಟ್ಟನ್ನೂ, ಮಧ್ಯಾಹ್ನವನ್ನೂ. ಮೊರದ ಮೇಲೆ ಆಕೆಯ ಕೈ ನಿಂತಿತು.

“ನೀನ?”

“ಹೌದ ಅತ್ತಿ.”

ಆಕೆ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಊರೆಲ್ಲಾ ಕೇಳಿದೆ. ನಮ್ಮ ಮನಿ ಕೂಸಿನ್ನ ಕೇಳಬೇಕ ಅಂತ ಹೊಳೀಲೇ ಇಲ್ಲ ನೋಡು. ರಾಜೇಸಾಬ ಕಾಕಾ ನನ್ನ ಸಲುವಾಗಿ ಆರ ಸಲಾ ಹಂಡೆ ಇಳಿಸಿದ್ದ. ಅವನ ಬಾಗಲಾಗ ನಿಂತ ಅವನ ಮಗನ್ನ ಕಳ್ಳ ಅಂದೆ. ಅದು ನನಗ ಇವತ್ತಿಗೂ ಚುಚ್ಚತೈತಿ. ನನಗ್ಯಾಕ ಹೇಳಾಕ ಬಂದಿ? ಅಲ್ಲಿ ಹೋಗಿ ಹೇಳು.”

ಊಟಕ್ಕೆ ಹಾಕಿದಳು. ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ. ಸಾಕಾತೇನ ಎಂದು ಕೇಳಿದಳು, ಇನ್ನೊಂದು ರೊಟ್ಟಿ ಹಾಕಿದಳು. ಕಳಿಸಲು ಬಾಗಿಲಿಗೆ ಬರಲಿಲ್ಲ.

ನಾನು ಅಲ್ಲಿ ಹೋಗಿ ಹೇಳಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ರಾಜೇಸಾಬ ಹೋದ. ಕಾಳಪ್ಪನ ಮಕ್ಕಳು ಮನೆ ಮಾರಿ ಜಮಖಂಡಿಗೆ ಹೋದರು. ಅತ್ತಿಯೂ ತೀರಿಕೊಂಡಳು, ಮಣ್ಣಿಗೆ ಹೋಗಿ ಬಂದೆ. ಅಷ್ಟರಲ್ಲಿ ನಾನು ಓಣಿಯ ಹಿರಿಯನಾಗಿದ್ದೆ. ಕಾಮಣ್ಣನ ಕಟ್ಟೆಯ ಮೇಲೆ ನನಗೆ ಮೊದಲ ಜಾಗ. ಕುಣಿಮಗ್ಗ ಹೋಗಿ ಪವರ್‌ಲೂಮ್ ಬಂದವು. ನಿಲ್ಲದ ಆ ಸದ್ದಿನಲ್ಲಿ ಮಾತಾಡದೇ ಇರುವುದು ಇನ್ನೂ ಸುಲಭವಾಯಿತು.

ಈ ವರ್ಷ ಓಣಿಯ ಹುಡುಗ ಹುಡುಗಿಯರು, ಚಿತ್ರಕಲೆ ಕಲಿಸುವ ಒಬ್ಬ ತರುಣ ಮಾಸ್ತರ ಜೊತೆ ಸೇರಿ, ರತಿಗೆ ಓಣಿಯಲ್ಲೇ ನೇಯ್ದ ಸೀರೆ ಉಡಿಸಬೇಕೆಂದು ಹೊರಟರು. ಹಲಗಿ ಮೇಳದವರನ್ನು ಕಟ್ಟೆಯ ಮೇಲೇ ಕೂರಿಸುವುದಾಗಿ ನಿರ್ಧರಿಸಿದ್ದರು. ಒಂದು ಕುಣಿಮಗ್ಗವನ್ನು ಎಲ್ಲಿಂದಲೋ ಹುಡುಕಿ ತಂದಿದ್ದರು. ಬಣ್ಣಕ್ಕೆ ರಾಜೇಸಾಬನ ಮನೆಯವರೇ ಬೇಕು, ಆದರೆ ಮೆಹಬೂಬಜ್ಜ ಒಪ್ಪುತ್ತಿಲ್ಲ, ನೀವು ಹೇಳಿದರೆ ಕೇಳಬಹುದು ಎಂದು ನನ್ನನ್ನು ಕಳಿಸಿದರು. ರಂಜಾನ್ ನಡೆದಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಮೆಹಬೂಬ ಬಾಗಿಲ ಒಳಗೆ ಕುರ್ಚಿಯಲ್ಲಿ ಕೂತಿದ್ದ. ಉಪವಾಸದಿಂದ ಬಾಯಿ ಒಣಗಿತ್ತು, ಆದರೂ ನನಗೆ ನೀರು ತರಿಸಿದ. ನಾನು ನೀರು ಮುಟ್ಟಲಿಲ್ಲ. ಸೀರೆಯ ಮಾತು ಎತ್ತಲೂ ಇಲ್ಲ. ನಿಂತುಕೊಂಡೇ, ಅತ್ತಿ ನಿಂತಿದ್ದ ಆ ಬಾಗಿಲಲ್ಲೇ, ಪಟ್ಟಿ ಒಯ್ದವನು ನಾನೆಂದು ಹೇಳಿದೆ.

ನಾನು ಮುಗಿಸಿದ ಮೇಲೆ ಅವನು ತನ್ನ ಅಂಗೈಗಳನ್ನು ಮಗುಚಿ ನೋಡಿಕೊಂಡ.

“ಅವತ್ತ ನಮ್ಮಪ್ಪ ನನ್ನ ದರ್ಗಾಕ್ಕ ಒಯ್ದು ಆಣಿ ಮಾಡಿಸಿದ. ನಾ ಒಯ್ದಿಲ್ಲಂತ ಮಾಡಿದೆ. ಅಂವ ನಂಬಿದಂಗ ಮಾಡಿದ, ನಂಬಲಿಲ್ಲ. ನನ್ನ ಹಂಡೆ ಹತ್ರ ಬರಗೊಡಲಿಲ್ಲ, ಗ್ಯಾರೇಜಿಗಿ ಹಚ್ಚಿದ. ಮಲ್ಲಪ್ಪಾ, ನನಗ ಬಣ್ಣಾ ಬರೂದಿಲ್ಲ. ಈ ಹುಡುಗರು ದಿನಾ ಬಂದು ಕೇಳ್ತಾರ. ರಾಜೇಸಾಬನ ಮಗಗ ಬಣ್ಣಾ ಬರೂದಿಲ್ಲ ಅಂತ ಹ್ಯಾಂಗ ಹೇಳಲಿ?”

ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ.

“ಅದೆಲ್ಲಾ ಬ್ಯಾಡ. ರೋಜಾದಾಗ ಅದೀನಿ, ಕೆಟ್ಟ ಮಾತ ಆಡೂದಿಲ್ಲ. ಒಂದ ಹೇಳು. ಆ ಹೆಣ್ಣಮಗಳ ಹೆಸರ ಹಿಡದ ಇವತ್ತಿಗೂ ನಗತಾರ. ನನಗ ಹೇಳಿದಿ. ಓಣಿಗಿ ಯಾವಾಗ ಹೇಳ್ತಿ?”

ಹುಣ್ಣಿಮೆಯ ಹಿಂದಿನ ಸಂಜೆ ಕಟ್ಟೆಯ ಮೇಲೆ ಮಕ್ಕಳು ರತಿಗೆ ಸೀರೆ ಉಡಿಸುತ್ತಿದ್ದರು. ದಡಿಗೆ ಬಣ್ಣ ಪೇಟೆಯದು, ಹೂ ಮಾಸ್ತರದು, ಚೆನ್ನಾಗಿಯೇ ಇತ್ತು. ಹಲಗಿಯವರು ಚರ್ಮ ಕಾಯಿಸುತ್ತಿದ್ದರು. ನಿರಿಗೆ ಹಿಡಿದ ಹುಡುಗಿಯೊಬ್ಬಳು ತನ್ನ ತಮ್ಮನನ್ನು, ನಿನ್ನೆ ಇಟ್ಟಿದ್ದ ಕೋಲು ಯಾರು ಒಯ್ದರೆಂದು ಮತ್ತೆ ಮತ್ತೆ ಕೇಳಿದಳು. ಅವನು ಪಟಕ್ಕನೆ, ಸುಮ್ಮನಿರ, ಕಟ್ಟಿಗಿ ಕೇಳಿದ ಸಾವಂತ್ರೆವ್ವನಂಗ ಮಾಡಬ್ಯಾಡ ಎಂದ. ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಅಜ್ಜ ಏನೋ ತಮಾಷೆ ಹೇಳುತ್ತಾನೆಂದು ಅವರು ಇನ್ನೂ ನಗುತ್ತಲೇ ನನ್ನ ಕಡೆ ತಿರುಗಿದರು. ಎದುರಿಗೆ ತನ್ನ ಮನೆಯ ಬಾಗಿಲಲ್ಲಿ ಮೆಹಬೂಬ ನಿಂತಿದ್ದ. ಸಾವಂತ್ರೆವ್ವ ಕಟ್ಟಿಗೆ ಕೇಳಲಿಲ್ಲ, ತನ್ನ ಬದುಕನ್ನು ಸುಟ್ಟವರು ಯಾರೆಂದು ಕೇಳಿದಳು, ಸುಟ್ಟವನು ನಾನು ಎಂದೆ. ನನ್ನ ದನಿ ಅಷ್ಟು ದೂರ ಹೋಗಲಿಲ್ಲವೇನೋ. ಮುಂದೆ ಕೂತವರಷ್ಟೇ ನಗು ನಿಲ್ಲಿಸಿದರು. ನಿರಿಗೆ ಹಿಡಿದ ಹುಡುಗಿ ಕೇಳಿದಳು.

“ಸಾವಂತ್ರೆವ್ವ ಅಂತ ಖರೇನ ಇದ್ಳೇನಜ್ಜಾ? ಯಾರಾಕಿ?”

ಅರವತ್ತಕ್ಕೂ ಹೆಚ್ಚು ಹೋಳಿಗಳಿಂದ, ಆ ಗಾದೆ ಕೇಳಿದಾಗಲೆಲ್ಲ ನಾನು ನುಂಗಿಕೊಂಡ ಮಾತು ಇದೊಂದೇ.

“ನಮ್ಮ ಅತ್ತಿ,” ಎಂದೆ.